ಕಬ್ಬಿಣದ ಟೊಪ್ಪಿಯ ಅಸ್ತರು

ಆ ದಿನ ನಮ್ಮ ಕೆಂಪು ಹೇಂಟೆ ಕಬ್ಬಿಣದ ಟೊಪ್ಪಿಯೊಳಗೆ ಕಾವಿಗೆ ಕುಳಿತಿತ್ತು. ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಬಸಳೆ ದಂಟು ಮುರಿಯುತ್ತಿದ್ದರು. ಇವರು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಚಾ ಕುಡಿದ ಲೋಟವನ್ನು ಎಂದಿನಂತೆ ಕಿಟಕಿಯಲ್ಲೇ ಬಿಟ್ಟು, ಹೊನ್ನಾವರ ಪೇಟೆಯ ತಮ್ಮ ಹೊಲಿಗೆ ಅಂಗಡಿಗೆ ಹೊರಟರು. ನಾನು ಎಂದಿನಂತೆ ಲೋಟದ ಬಗ್ಗೆ ಒಂದು ಮಾತು ಹೇಳಿದೆ. ಇವರು ಎಂದಿನಂತೆ ಕೇಳಿಸಿಕೊಳ್ಳಲಿಲ್ಲ. ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ನಮ್ಮ ಮನೆಯಲ್ಲಿ ಟೊಪ್ಪಿ ಬರೀ ಟೊಪ್ಪಿಯಾಗಿದ್ದ ಕೊನೆಯ ದಿನ ಅದು. ಅದು ನಮಗೂ ತಿಳಿದಿರಲಿಲ್ಲ, ಹೇಂಟೆಗೂ ತಿಳಿದಿರಲಿಲ್ಲ.

ಈಗ ಇವರಿಲ್ಲ. ಹೋಗಿ ವರ್ಷವಾಗುತ್ತ ಬಂತು. ಇವರ ಗುಂಡಿ ಡಬ್ಬಿಯನ್ನೂ ಕತ್ತರಿಯನ್ನೂ ಯಾರಿಗೆ ಕೊಡಲಿ ಎಂದು ಹಳೆಯ ಪೆಟ್ಟಿಗೆ ತೆಗೆದಾಗ ಆ ಟೊಪ್ಪಿಯ ಅಸ್ತರು ಸಿಕ್ಕಿತು. ಅಸ್ತರು ಎಂದರೆ ಕೋಟಿನ ಒಳಬಟ್ಟೆ ಎಂದು ನಿಮಗೆ ಗೊತ್ತಿರಬಹುದು. ಟೊಪ್ಪಿಗೂ ಒಂದಿರುತ್ತದೆ, ತಲೆಗೂ ಕಬ್ಬಿಣಕ್ಕೂ ಜಗಳವಾಗದಿರಲಿ ಎಂದು. ಮೇಣಬಟ್ಟೆಯ ಪಟ್ಟಿಗಳು, ನಡುವೆ ಒಂದು ಮೆತ್ತೆ, ಸುತ್ತ ಕೈಹೊಲಿಗೆ. ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತರೆ ಕತ್ತರಿಯ ಮಾತು ಮರೆತೇ ಹೋಗುತ್ತದೆ. ನಾನು ಓದಿದ್ದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ. ಅದರಲ್ಲಿ ಪ್ರಬಂಧಕ್ಕೆ ಕೊಟ್ಟ ವಿಷಯ ‘ನಮ್ಮ ಹಸು’. ಆದ್ದರಿಂದ ಟೊಪ್ಪಿಯ ಬಗ್ಗೆ ಬರೆಯುವಾಗ ನಡುವೆ ದನ, ಕೋಳಿ ಬಂದರೆ ನೀವು ಸಹಿಸಿಕೊಳ್ಳಬೇಕು.

ಕುಮಟೆಯಾಚೆಯ ಹಿರೇಗುತ್ತಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಟೊಪ್ಪಿಯನ್ನು ಪಾತ್ರೆ ಎಂದೇ ತಿಳಿದಿದ್ದೆ. ಅಗಲವಾದ ಅಂಚು, ಬೋಗುಣಿಯ ಆಕಾರ, ಅಂಗಾತ ಇಟ್ಟರೆ ಅಲುಗಾಡುವ ಬೆನ್ನು. ಅಸ್ತರನ್ನು ಆಗ ಬಿಚ್ಚಿ ಬೇರೆ ಇಟ್ಟಿದ್ದರು. ಅದರಲ್ಲಿ ಎಮ್ಮೆಗೆ ತೌಡು ಕಲಸಿ ಇಟ್ಟೆ. ಅತ್ತೆ ನೋಡಿದರು.

“ತಂಗೀ, ಅದು ನಿನ್ನ ಮಾವನ ಟೊಪ್ಪಿ.”

ನಾನು ತೌಡನ್ನು ಬಾಚಿ ತೆಗೆಯಲು ಕೈಹಾಕಿದೆ.

“ತೌಡು ಕಲ್ಸುಕೆ ಅಡ್ಡಿಲ್ಲ,” ಎಂದರು ಅತ್ತೆ. “ಆದ್ರೆ ಆಮೇಲೆ ಬೂದಿ ಹಾಕಿ ತಿಕ್ಕಿಡು. ಅವ್ರಿಗೆ ಗಲೀಜು ಆತಿಲ್ಲ.”

ಮಾವ ದರ್ಜಿ. ಇವರಿಗೆ ಸೂಜಿ ಹಿಡಿಯಲು ಕಲಿಸಿದವರೇ ಅವರು. ದೊಡ್ಡ ಯುದ್ಧದ ಕಾಲದಲ್ಲಿ ಪಲ್ಟನ್ನಿಗೆ ದರ್ಜಿಗಳು ಬೇಕಾಗಿದ್ದಾರೆ ಎಂದು ಕೇಳಿ, ಹೊನ್ನಾವರದ ಬಂದರಿನಿಂದ ಮಚವೆ ಹತ್ತಿ ಮುಂಬಯಿಗೆ ಹೋದವರು, ಅಲ್ಲಿಂದ ಬರ್ಮಾ ಕಡೆಗೆ ಹೋದರಂತೆ. ಆಮೇಲೆ ‘ಕಾಣೆಯಾಗಿದ್ದಾರೆ’ ಎಂಬ ಸುದ್ದಿ ಬಂತು. ಸತ್ತರು ಎಂದಲ್ಲ, ಇದ್ದಾರೆ ಎಂದೂ ಅಲ್ಲ. ಯುದ್ಧ ಮುಗಿದು ಸ್ವಲ್ಪ ಕಾಲಕ್ಕೆ, ಊರವರು ಯಾರೂ ಅರಿಯದ ಒಬ್ಬ ಮನುಷ್ಯ ಬಂದರಿನಲ್ಲಿಳಿದು, ಮನೆ ಕೇಳಿಕೊಂಡು ಬಂದು, “ಇದು ದರ್ಜಿಯದ್ದು” ಎಂದು ಟೊಪ್ಪಿಯನ್ನು ಜಗಲಿಯ ಮೇಲಿಟ್ಟು, ಒಂದು ಚೆಂಬು ನೀರು ಕುಡಿದು ಹೊರಟುಹೋದನಂತೆ. ಅತ್ತೆ ಒಳಗಿನಿಂದ ಬೆಲ್ಲ ತರುವಷ್ಟರಲ್ಲಿ ಅವನಿಲ್ಲ.

ಆ ಟೊಪ್ಪಿಯಿಂದ ತಾಯಿ ಮಗ ಇಬ್ಬರೂ ಬೇರೆ ಬೇರೆ ಅರ್ಥ ತೆಗೆದರು. ಟೊಪ್ಪಿ ತಲೆಯನ್ನು ಬಿಟ್ಟು ಬಂದಿದೆ ಎಂದರೆ ಅಪ್ಪ ಇಲ್ಲ ಎಂದು ಇವರ ಲೆಕ್ಕ. ಟೊಪ್ಪಿ ಮಾತ್ರ ಬಂದಿದೆ ಎಂದರೆ ಗಂಡ ಎಲ್ಲೋ ಇದ್ದಾರೆ ಎಂದು ಅತ್ತೆಯ ಲೆಕ್ಕ.

“ಟೊಪ್ಪಿ ಬಂತು ಅಂತ ಕುಂಕುಮ ಅಳ್ಸುಕಾತದ್ಯಾ?” ಎಂದು ಕೇಳುತ್ತಿದ್ದರು. “ನಾಳೆ ಮನುಷ್ಯ ಬಂದು ‘ನನ್ನ ಟೊಪ್ಪಿ ಎಲ್ಲಿ’ ಅಂದ್ರೆ ನಾ ಎಂತ ಹೇಳುದು? ‘ಟೊಪ್ಪಿ ಇದೆ, ಕುಂಕುಮ ಇಲ್ಲ’ ಅಂತ ಹೇಳುದಾ?”

ಇದು ಬರೀ ಮಾತಿನ ಜಗಳವಾಗಿರಲಿಲ್ಲ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಲೆ ಇಡುತ್ತೇವೆ. ಅಜ್ಜ, ಅಜ್ಜಿ, ಅವರ ಹಿಂದಿನವರು, ಎಲ್ಲರಿಗೂ ಒಂದೊಂದು ಬಾಳೆಯೆಲೆ, ಅವರವರಿಗೆ ಪ್ರಿಯವಾದ ಅಡುಗೆ. ಮಾವನಿಗೆ ಇಡುವುದೋ ಬೇಡವೋ? ಬದುಕಿರುವವರಿಗೆ ಇಟ್ಟರೆ ಅವರ ಆಯುಷ್ಯಕ್ಕೆ ಕೇಡು. ತೀರಿಹೋದವರಿಗೆ ಇಡದಿದ್ದರೆ ಅವರು ಹಸಿದಿರುತ್ತಾರೆ. ಎಲೆಗಳನ್ನು ಸಾಲಾಗಿ ಹಾಸುವಾಗ ಇವರ ಕೈ ಕೊನೆಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಉಳಿದ ಎಲೆಯನ್ನು ಮಡಚಿ ಒಳಗಿಡುತ್ತಿದ್ದರು. “ಅಪ್ಪ ಅಷ್ಟು ವರ್ಷ ಉಪವಾಸ ಕೂತಿದ್ರೆ?” ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ಹೊಟ್ಟೆಯ ವಿಷಯದಲ್ಲಿ ಇವರು ತಮಾಷೆ ಮಾಡುವವರಲ್ಲ. ಆ ವರ್ಷ ಹೇಗೋ ಅತ್ತೆಯನ್ನು ಅರ್ಧ ಒಪ್ಪಿಸಿದ್ದರು. ಪೂರ್ತಿ ಒಪ್ಪಿಸಲು ಇನ್ನೂ ಸಮಯವಿತ್ತು.

ಹೇಂಟೆ ಕಾವಿಗೆ ಕುಳಿತ ಮರುದಿನ ಎಲ್ಲ ಕೆಟ್ಟಿತು. ರಜೆಯ ಮೇಲೆ ಊರಿಗೆ ಬಂದ ಒಬ್ಬ ಸಿಪಾಯಿ ಪ್ಯಾಂಟಿನ ಸೊಂಟ ಸಣ್ಣ ಮಾಡಿಸಲು ಅಂಗಡಿಗೆ ಬಂದಿದ್ದ. ಇವರು ಅಭಿಮಾನದಿಂದ ಟೊಪ್ಪಿಯ ಕತೆ ಹೇಳಿದರು. ಆ ಹುಡುಗ ಪ್ಯಾಂಟು ಹಿಡಿದುಕೊಂಡೇ ನಕ್ಕನಂತೆ.

“ಅಣ್ಣಾ, ಯುದ್ಧ ಮುಗ್ದ ಮೇಲೆ ಅಂಥ ಟೊಪ್ಪಿ ಬೊಂಬಾಯಿ ಗುಜರಿಲಿ ರಾಶಿ ರಾಶಿ ಮಾರಾಟಕ್ಕೆ ಇತ್ತು. ಯಾರು ಬೇಕಾದ್ರೂ ತಕಂಡು, ‘ಇದು ನಿಮ್ಮಪ್ಪಂದು’ ಅಂತ ತಂದುಕೊಡ್ಲಕ್ಕು. ಅಷ್ಟಕ್ಕೂ ದರ್ಜಿಗೆ ಟೊಪ್ಪಿ ಎಂತಕೆ? ಸೂಜಿ ಚುಚ್ಚುದು ಬೆರಳಿಗೆ, ತಲೆಗಲ್ಲ.”

ಇವರು ಆ ದಿನ ಊಟಕ್ಕೆ ಬಂದವರು ಕೈ ತೊಳೆಯದೆ ನೇರವಾಗಿ ಹಿತ್ತಿಲಿಗೆ ಹೋಗಿ ಹೇಂಟೆಯ ಎದುರು ನಿಂತರು. ಹೇಂಟೆಯೂ ಇವರನ್ನು ನೋಡಿತು.

“ಅವ್ವಾ, ಟೊಪ್ಪಿ ಬೇಕು. ಅದು ಅಪ್ಪಂದು ಹೌದೋ ಅಲ್ವೋ ತೋರಿಸ್ಕಂಡು ಬರಬೇಕು.”

“ಮರಿ ಆದ ಮೇಲೆ,” ಎಂದರು ಅತ್ತೆ.

“ಅಪ್ಪನ ವಿಷಯ ಅವ್ವಾ!”

“ನಿನ್ನಪ್ಪ ಇಷ್ಟು ವರ್ಷ ಕಾದಿದ್ದಾರೆ, ಇನ್ನೊಂದಷ್ಟು ದಿನ ಕಾದ್ರೆ ಎಂತ ಆತದೆ? ಕೋಳಿಗೆ ಪುರುಸೊತ್ತಿಲ್ಲ.”

ಹೀಗೆ ನಮ್ಮ ಮನೆಯ ತನಿಖೆಯನ್ನು ಒಂದು ಕೋಳಿ ತಡೆದಿಟ್ಟಿತು. ಇವರು ದಿನವೂ ಬೆಳಿಗ್ಗೆ ಹೋಗಿ ಹೇಂಟೆಯ ರೆಕ್ಕೆಯ ಕೆಳಗೆ ಬಗ್ಗಿ ನೋಡಿ, ಕುಕ್ಕಿಸಿಕೊಂಡು ಬರುತ್ತಿದ್ದರು. ಹೊಲಿಯುವ ಬೆರಳಿಗೇ ಕುಕ್ಕುತ್ತಿತ್ತು. ಬೆರಳ ತುದಿಗೆ ತಗಡಿನ ಅಂಗುಸ್ತಾನ ಹಾಕಿಕೊಂಡು ಕೋಳಿ ನೋಡಲು ಹೋಗುವ ದರ್ಜಿಯನ್ನು ನಾನು ಆ ಶ್ರಾವಣದಲ್ಲಿ ಮಾತ್ರ ಕಂಡಿದ್ದೇನೆ.

ಮರಿಗಳು ಹೊರಬಂದ ಮೇಲೆ ಇವರು ಟೊಪ್ಪಿಯ ನೆತ್ತಿಯ ಸ್ಕ್ರೂ ತಿರುಗಿಸಿ ಅಸ್ತರನ್ನು ಬಿಡಿಸಿ, ಅದರ ವಾಸನೆಗೆ ಮೂಗು ಮುಚ್ಚಿಕೊಂಡು ಹಿತ್ತಿಲ ಗೋಡೆಯ ಮೇಲೆ ಎಸೆದು, ಬರೀ ಕಬ್ಬಿಣವನ್ನು ಹಿಡಿದುಕೊಂಡು ಭಟ್ಕಳಕ್ಕೆ ಹೊರಟರು. ಅಲ್ಲಿಯ ಪೇಟೆಯಲ್ಲಿ ಇಸ್ಮಾಯಿಲ್ ಸಾಹೇಬರೆಂದು ಒಬ್ಬರು ಹಳೆಯ ಸಾಮಾನಿನ ಅಂಗಡಿ ಇಟ್ಟಿದ್ದರು. ಮುಂಬಯಿ, ಕೊಲಂಬೊ ಎಲ್ಲ ಕಂಡವರು. ಮುಟ್ಟಳ್ಳಿಯಲ್ಲಿ ನನ್ನ ಅಕ್ಕನ ಮನೆಯಿದ್ದುದರಿಂದ ನಾನೂ ಹೊರಟೆ.

ಶರಾವತಿ ದಾಟಲು ಆಗ ಲಾಂಚು. ಮಳೆ ಜೋರಾಯಿತು. ಕೊಡೆ ಒಂದೇ ಇತ್ತು, ಅದನ್ನು ನನಗೆ ಕೊಟ್ಟು ಇವರು ಟೊಪ್ಪಿಯನ್ನು ತಲೆಗೆ ಹಾಕಿಕೊಂಡರು. ಧೋತ್ರ, ಅಂಗಿ, ಅದರ ಮೇಲೆ ಕಬ್ಬಿಣದ ಟೊಪ್ಪಿ, ಕೊರಳಲ್ಲಿ ಮರೆತುಬಂದ ಅಳತೆ ಟೇಪು. ಅಸ್ತರಿಲ್ಲದ ಟೊಪ್ಪಿ ಹುಬ್ಬಿನವರೆಗೆ ಇಳಿದಿತ್ತು. ಲಾಂಚಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ನನ್ನ ಕಿವಿಯ ಬಳಿ ಬಂದು, “ಯುದ್ಧ ಮತ್ತೆ ಸುರುವಾತನೆ?” ಎಂದು ಕೇಳಿದಳು. ನಾನು “ಇಲ್ಲ, ನಮ್ಮಲ್ಲಿ ಕೋಳಿ ಮರಿ ಆಯ್ತು” ಎಂದೆ. ಆಕೆ ಬುಟ್ಟಿ ಎತ್ತಿಕೊಂಡು ಆಚೆ ಹೋಗಿ ಕುಳಿತಳು.

ಸಾಹೇಬರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಡಗಿನ ಲಾಂದ್ರ, ಗಂಟೆ, ಕಾಲಿಲ್ಲದ ಕುರ್ಚಿ, ಕುರ್ಚಿಯಿಲ್ಲದ ಕಾಲು. ನಡುವೆ ಮೇಜಿನ ಮೇಲೆ ಯಾವುದೋ ಕಾಲದ ದೊರೆಯ ಬಿಳಿಯ ಟೊಪ್ಪಿ, ಅದಕ್ಕೆ ಹಿತ್ತಾಳೆಯ ಸರಪಳಿ, ನೆತ್ತಿಯ ಮೇಲೆ ಹಿತ್ತಾಳೆಯ ಮೊನೆ. ಸಾಹೇಬರು ಅದನ್ನೇ ಮೊದಲು ತೋರಿಸಿದರು. ಟೊಪ್ಪಿಯ ಮುಂಭಾಗದ ಬಿಲ್ಲೆ ಅಸಲಿಯಾದರೆ ಅದನ್ನು ಅಚ್ಚಿನಲ್ಲಿ ಒತ್ತಿರುತ್ತಾರೆ, ಹಿಂದೆ ತಿರುಗಿಸಿದರೆ ಟೊಳ್ಳು ಕಾಣುತ್ತದೆ. ನಕಲಿಯನ್ನು ಎರಕ ಹೊಯ್ದಿರುತ್ತಾರೆ, ಹಿಂದೆ ಮಟ್ಟಸ, ಕೈಗೆ ಭಾರ. ಉಬ್ಬಿನ ಮೇಲೆ ಸವೆದಿರಬೇಕು, ಸಂದಿಯಲ್ಲಿ ಹಸಿರು ಕಿಲುಬು ಇರಬೇಕು. ಸಂದಿಯೂ ಹೊಳೆಯುತ್ತಿದ್ದರೆ ನಂಬಬೇಡಿ. ಹೀಗೆ ಎಷ್ಟೋ ಹೇಳಿದರು. ನಾನು ಆ ಮೊನೆಯನ್ನೇ ನೋಡುತ್ತಿದ್ದೆ.

“ಅದು ತೂಗುದೀಪದ ತುದಿಯಲ್ವಾ?” ಎಂದು ಬಾಯಿಗೆ ಬಂದುಬಿಟ್ಟಿತು. ನಮ್ಮ ಹಿರೇಗುತ್ತಿಯ ಮನೆಯಲ್ಲಿ ಅಂಥದ್ದೇ ಇತ್ತು. ಸಣ್ಣವಳಿದ್ದಾಗ ಅದಕ್ಕೆ ತಲೆ ತಾಗಿಸಿಕೊಂಡು ಅತ್ತಿದ್ದೆ.

ಸಾಹೇಬರು ಮೊನೆಯನ್ನು ತಿರುಗಿಸಿ ಬಿಚ್ಚಿ ನೋಡಿದರು. ಒಳಗೆ ಎಣ್ಣೆಯ ಜಿಡ್ಡು. “ಯಾ ಅಲ್ಲಾ! ಬೊಂಬಾಯಿಯವನು ನನಗೆ ದೀಪ ಮಾರಿದ್ದಾನೆ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗ್ಲಿ ಬಿಡಿ ಅಕ್ಕಾ, ಆ ದೊರೆ ಕತ್ತಲಲ್ಲಿ ಯುದ್ಧ ಮಾಡ್ತಿದ್ದ ಅಂತ ಹೇಳಿ ಮಾರ್ತೇನೆ.”

ಆಮೇಲೆ ನಮ್ಮ ಟೊಪ್ಪಿಯ ಸರದಿ. ಅದನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡರು. ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಅಂಚಿನ ಪಟ್ಟಿಯ ಮೇಲೆ ಬೆರಳಾಡಿಸಿದರು. ಬಣ್ಣವನ್ನು ಕೆರೆದು, “ಮರಳು ಬೆರೆಸಿದ ಬಣ್ಣ, ಬಿಸಿಲಿಗೆ ಹೊಳೀಬಾರದು ಅಂತ. ಇದು ಖರೆ. ತುಕ್ಕೂ ಖರೆ, ನಮ್ಮ ಸಮುದ್ರದ್ದೇ” ಎಂದರು. ಇವರ ಮುಖ ಅರಳಿತು. ಸಾಹೇಬರು ಗದ್ದಪಟ್ಟಿ ಸಿಕ್ಕಿಸುವ ಎರಡು ಕೊಂಡಿಗಳನ್ನು ನೋಡಿದರು. ಎಡಗಡೆಯದನ್ನು ನೋಡಿದರು, ಬಲಗಡೆಯದನ್ನು ನೋಡಿದರು, ಮತ್ತೆ ಎಡಗಡೆಯದನ್ನು ನೋಡಿದರು.

“ಟೇಲರ್ ಸಾಬ್, ಬೇಜಾರು ಮಾಡ್ಕೋಬೇಡಿ. ಈ ಕಡೆ ಕೊಂಡಿಯ ರಿವೆಟ್ಟು ಕಾರ್ಖಾನೆಯದ್ದು. ಆ ಕಡೆಯದ್ದು ಬೇರೆ ಟೊಪ್ಪಿಯಿಂದ ಕಿತ್ತು, ಕೈಯಲ್ಲಿ ಬಡಿದದ್ದು. ಪಟ್ಟಿ ನೋಡಿ, ಇದರ ಬಕಲು ಎರಡಕ್ಕೂ ಸೇರಿದ್ದಲ್ಲ. ಇದು ಒಂದು ಟೊಪ್ಪಿ ಅಲ್ಲ. ಮೂರು ಟೊಪ್ಪಿ.”

“ಹಾಗಾದ್ರೆ ಗುಜರಿಯದ್ದಾ?” ಇವರ ಧ್ವನಿ ಸಣ್ಣಗಾಗಿತ್ತು.

“ಗುಜರಿಯವನೂ ಹೀಗೆ ಜೋಡಿಸ್ತಾನೆ, ಪಲ್ಟನ್ನಲ್ಲೂ ಹೀಗೆ ಜೋಡಿಸ್ತಾರೆ. ಒಬ್ಬನ ಟೊಪ್ಪಿ ಮುರಿದ್ರೆ ಇನ್ನೊಬ್ಬನದ್ದು ತೆಗೆದು ಹಾಕ್ತಾರೆ. ಅಸ್ತರು ಎಲ್ಲಿ? ಸಿಪಾಯಿಗಳು ಶಾಯಿಯಿಂದ ಅದರ ಮೇಲೆ ನಂಬರು ಬರೀತಿದ್ರು. ಅಸ್ತರು ತನ್ನಿ, ಹೇಳ್ತೇನೆ. ಆದ್ರೆ ಒಂದು ಮಾತು, ತೊಳೀಬೇಡಿ. ಹಳೇ ಸಾಮಾನಿಗೆ ನೀರು ದುಶ್ಮನ್.”

ಮುಟ್ಟಳ್ಳಿಯ ಅಕ್ಕನ ಮನೆಯಲ್ಲಿ ನಾನು ಚಾ ಕೂಡ ಪೂರ್ತಿ ಕುಡಿಯಲಿಲ್ಲ. ಅಕ್ಕ ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ. ಬಸ್ಸು, ಲಾಂಚು, ನಡಿಗೆ, ಎಲ್ಲ ಮುಗಿಸಿ ನಾವು ಅಂಗಳಕ್ಕೆ ಕಾಲಿಟ್ಟಾಗ ಅಸ್ತರು ಸೂರಿನಡಿಯ ತಂತಿಯ ಮೇಲೆ ಒಣಗುತ್ತಿತ್ತು. ಪಕ್ಕದಲ್ಲಿ ಅತ್ತೆಯ ಸೀರೆ. ಎರಡೂ ಅಂಟುವಾಳದ ನೊರೆಯಲ್ಲಿ ಮಿಂದು ಘಮಘಮ ಎನ್ನುತ್ತಿದ್ದವು.

ಚೌತಿ ಹತ್ತಿರ ಬಂದಿತ್ತು ನೋಡಿ. ಚೌತಿಗೆ ಮುಂಚೆ ನಮ್ಮ ಕಡೆ ಮನೆಯ ಹಿತ್ತಾಳೆ, ತಾಮ್ರ, ಬಟ್ಟೆ, ಮಣೆ, ಯಾವುದನ್ನೂ ಉಳಿಸುವುದಿಲ್ಲ. ಹುಣಸೆಹಣ್ಣು, ಬೂದಿ, ಅಂಟುವಾಳ ಹಿಡಿದು ಕುಳಿತ ಹೆಂಗಸರ ಎದುರು ಮನುಷ್ಯರು ಕೂಡ ಹೆಚ್ಚು ಹೊತ್ತು ನಿಲ್ಲಬಾರದು.

“ಅವ್ವಾ! ತೊಳ್ದ್ಯಾ?”

“ತೊಳೀದೆ? ಪರವೂರ ಸಾಹೇಬ್ರು ನೋಡುಕೆ ಕೇಳಿದ್ರೆ ಕೋಳಿ ಹಿಕ್ಕೆ ತೋರ್ಸುದಾ? ಮನೆ ಮಾನ ಇಲ್ವಾ?”

“ಅದರಲ್ಲಿ ಎಂತಾದ್ರೂ ಬರೆದಿತ್ತಾ?”

“ಎಂತದೋ ಕಪ್ಪು ಕಲೆ ಇತ್ತು,” ಅತ್ತೆ ಹೆಮ್ಮೆಯಿಂದ ಹೇಳಿದರು. “ಹೋಗುದೇ ಇಲ್ಲ ಅಂತಿತ್ತು. ಬಿಡ್ಲಿಲ್ಲ ನಾನು. ನಿಂಬೆಹಣ್ಣು ಹಾಕಿ ತಿಕ್ಕಿದೆ.”

ಇವರು ಆ ರಾತ್ರಿ ಊಟ ಮಾಡಲಿಲ್ಲ. ಇವರು ಊಟ ಬಿಟ್ಟದ್ದನ್ನು ನಾನು ಕಂಡದ್ದು ತೀರ ಕಡಿಮೆ. ಅತ್ತೆಗೂ ತಾವೇನೋ ಮಾಡಿದ್ದೇವೆ ಎಂದು ಹೊಳೆದಿತ್ತು. ಆದರೆ ಅದಕ್ಕೆ ಅವರು ಕಂಡುಕೊಂಡ ಪ್ರಾಯಶ್ಚಿತ್ತ ಬೆಳಿಗ್ಗೆ ಎದ್ದು ಟೊಪ್ಪಿಯ ಕಬ್ಬಿಣವನ್ನೂ ತಿಕ್ಕಲು ಹೊರಟದ್ದು. ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡು ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟೆ.

ಚೌತಿ ಮುಗಿಯಿತು. ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ವಾರ. ಕುಮಟೆಯಲ್ಲಿ ಮಿಲ್ಟ್ರಿ ನಾಗಪ್ಪಣ್ಣ ಎಂಬ ಮುದುಕರಿದ್ದರು, ಅದೇ ಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ತಿರುಗಿ ಬಂದವರು. ಅವರಿಗೆ ತೋರಿಸೋಣ ಎಂದು ಇವರು ಟೊಪ್ಪಿಯನ್ನೂ ಅಸ್ತರನ್ನೂ ಚೀಲಕ್ಕೆ ತುಂಬಿದರು. ಹಿರೇಗುತ್ತಿಗೆ ಹೋಗುವ ನೆವದಲ್ಲಿ ಈ ಸಲವೂ ನಾನಿದ್ದೆ. ನನ್ನ ತವರಿನವರೆಲ್ಲ ಟೊಪ್ಪಿ ಹೋಗುವ ದಾರಿಯಲ್ಲೇ ಮನೆ ಕಟ್ಟಿಕೊಂಡಿದ್ದರು.

ಸಾಹೇಬರು ಟೊಪ್ಪಿಯನ್ನು ಕೈಯಿಂದ ಪರೀಕ್ಷಿಸಿದರೆ ನಾಗಪ್ಪಣ್ಣ ತಲೆಯಿಂದ ಪರೀಕ್ಷಿಸಿದರು. ಅಸ್ತರು ಕೂರಿಸಿ, ಟೊಪ್ಪಿ ಹಾಕಿ, ಪಟ್ಟಿ ಬಿಗಿದು, ಕಣ್ಣು ಮುಚ್ಚಿ ಕುಳಿತರು. ನಾವು ಖಾಲಿ ಚೀಲ ಹಿಡಿದು ಎದುರು ನಿಂತಿದ್ದೆವು.

“ನಿನ್ನಪ್ಪಂದೇ,” ಎಂದರು ಕಣ್ಣು ಬಿಡದೆ. “ನಂಗೆ ಗೊತ್ತಿತ್ತು ಅವ. ನಮ್ಮ ಪಲ್ಟನ್ನಿನ ದರ್ಜಿ. ಎತ್ತರದ ಆಸಾಮಿ, ಅಲ್ದಾ?”

ಇವರು ನನ್ನ ಮುಖ ನೋಡಿದರು. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ತೆಗೆಯಲು ಮಾವ ಮಣೆಯ ಮೇಲೆ ಮಣೆ ಇಟ್ಟು ಹತ್ತುತ್ತಿದ್ದರು ಎಂದು ಅತ್ತೆ ಹೇಳಿ ನಗುತ್ತಿದ್ದುದು ನಮ್ಮಿಬ್ಬರಿಗೂ ನೆನಪಾಗಿತ್ತು.

“ಅಷ್ಟೇನೂ ಎತ್ತರ ಇರ್ಲಿಲ್ಲ,” ಎಂದರು ಇವರು ಮೆಲ್ಲಗೆ.

“ಕುಳ್ಳ ಆದ್ರೂ ಎತ್ತರ ಕಾಣ್ತಿದ್ದ. ದೊಡ್ಡ ಮೀಸೆ.”

“ಮೀಸೆ ಇರ್ಲಿಲ್ಲ.”

“ಅಲ್ಲಿ ಬಿಟ್ಟಿದ್ದ ಮಾರಾಯ!” ನಾಗಪ್ಪಣ್ಣನಿಗೆ ಸಿಟ್ಟು ಬಂತು. “ನೀ ನೋಡಿದ್ಯಾ, ನಾ ನೋಡಿದ್ದಾ?”

ನಾನು ಸೆರಗು ಬಾಯಿಗೆ ಒತ್ತಿ ಹಿಡಿದೆ. ಆದರೆ ಹೊರಡುವಾಗ ಟೊಪ್ಪಿ ತೆಗೆದುಕೊಡುತ್ತ ಅವರು ಒಂದು ಮಾತು ಹೇಳಿದರು. ಹೇಳುವಾಗ ಕಣ್ಣು ತೆರೆದಿತ್ತು, ಅದಕ್ಕೇ ನಂಬಿದೆವು. “ನಮ್ಮ ಅಸ್ತರು ಹರಿದ್ರೆ ದರ್ಜಿ ಹತ್ರ ಕೊಡೂದು. ಅವಂದು ಹರಿದ್ರೆ ಯಾರ ಹತ್ರ ಕೊಡ್ತಾನೆ? ಅವನೇ ಹೊಲಿಬೇಕು.”

ಇವರು ದಾರಿಯುದ್ದಕ್ಕೂ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮರುದಿನ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಬಂದು, ಜಗಲಿಯ ಬೆಳಕಿನಲ್ಲಿ ಕುಳಿತು, ಅಸ್ತರನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ನೀವು ದರ್ಜಿಯ ಹೆಂಡತಿಯಾಗಿದ್ದರೆ ನಿಮಗೆ ಇದು ಗೊತ್ತಿರುತ್ತಿತ್ತು. ಹೊಲಿಗೆಯೂ ಕೈಬರಹದ ಹಾಗೆ. ಮಾವನ ಹೊಲಿಗೆಗೆ ಒಂದು ನಡೆ ಇತ್ತು. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬರುವುದು, ಕೊನೆಯಲ್ಲಿ ಗಂಟು ಹಾಕದೆ ನೂಲಿನ ಬಾಲವನ್ನು ಹೊಲಿಗೆಯ ಅಡಿಯಿಂದಲೇ ನುಸುಳಿಸಿ ಅಡಗಿಸುವುದು. ಗಂಟು ಮೈಗೆ ಚುಚ್ಚುತ್ತದೆ, ಗಿರಾಕಿ ಬಯ್ಯುತ್ತಾನೆ ಎಂದು ಅವರು ಹೇಳುತ್ತಿದ್ದರಂತೆ. ಹೊನ್ನಾವರದ ಬೇರೆ ಯಾವ ದರ್ಜಿಗೂ ಅಷ್ಟು ತಾಳ್ಮೆ ಇರಲಿಲ್ಲ. ಇವರು ಅಪ್ಪನಿಂದ ಅದನ್ನೇ ಕಲಿತಿದ್ದರು.

“ಬಾರೇ ಇಲ್ಲಿ!” ಕೂಗು ಕೇಳಿ ನಾನು ಓಡಿಬಂದೆ. ಇವರು ಸೂಜಿಯ ಮೊನೆಯಿಂದ ಹೊಲಿಗೆ ಎಣಿಸುತ್ತಿದ್ದರು. “ನೋಡು. ಎರಡು ಮುಂದೆ, ಒಂದು ಹಿಂದೆ. ಎರಡು ಮುಂದೆ, ಒಂದು ಹಿಂದೆ. ಗಂಟಿಲ್ಲ. ಅಪ್ಪನ ಕೈ ಇದು. ಅಪ್ಪಂದೇ.”

ನಾನೂ ನೋಡಿದೆ. ಹೌದು, ಅದೇ ನಡೆ. ಇವರು ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. “ಎಲೆ ಇಡುವ. ಈ ಸಲ ಎಲೆ ಇಡುವ. ಅಪ್ಪನಿಗೆ ಬಂಗಡೆ ಹುಳಿ ಮಾಡು,” ಎಂದರು.

ಒಳಗಿನಿಂದ ಅತ್ತೆ ಬಂದರು. ಅಸ್ತರನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ, ದೂರದಿಂದಲೇ ನೋಡಿದರು.

“ತಮಾ, ಅದು ನಾ ಹೊಲ್ದದ್ದು.”

ಇವರು ಅಸ್ತರನ್ನು ಮಡಿಲಿಗೆ ಇಳಿಸಿದರು.

“ನೀನಾ? ನಿಂಗೆ ಈ ಹೊಲಿಗೆ ಯಾರು ಕಲ್ಸಿದ್ದು?”

“ಯಾರು ಕಲ್ಸುಕಾತದೆ? ಮದುವೆಯಾಗಿ ಬಂದ ಹೊಸ್ತರಲ್ಲಿ ಅವ್ರೇ ಕಲ್ಸಿದ್ರು. ಕಿಟ್ಕಿ ಹತ್ರ ಕೂತ್ಕಂಡು.” ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಅಷ್ಟು ವಯಸ್ಸಿನಲ್ಲಿ ಅವರು ನಾಚಿದ್ದನ್ನು ನಾನು ಅಂದು ಮಾತ್ರ ನೋಡಿದೆ. “ಟೊಪ್ಪಿ ಬಂದಾಗ ಅಸ್ತರು ಹರ್ದು ಜೋತಾಡ್ತಿತ್ತು. ಹಂಗೇ ಇಡುಕಾತದ್ಯಾ? ಹೊಲ್ದೆ.”

ಇವರು ಮತ್ತೆ ಅಸ್ತರನ್ನು ಬೆಳಕಿಗೆ ಹಿಡಿದರು. ಅತ್ತೆಯ ಹೊಲಿಗೆಯ ಪಕ್ಕದಲ್ಲೇ, ಕೂದಲೆಳೆಯಷ್ಟು ಆಚೆ, ಹಳೆಯ ಸೂಜಿಯ ತೂತುಗಳು ಸಾಲಾಗಿದ್ದವು. ಬರಿದಾಗಿದ್ದವು.

“ಇದರಲ್ಲಿ ಮೊದ್ಲಿದ್ದ ನೂಲು ಎಲ್ಲಿ ಅವ್ವಾ?”

“ಕೊಳ್ತಿತ್ತು. ಕಿತ್ತು ಒಲೆಗೆ ಹಾಕ್ದೆ.”

“ಆ ಹೊಲಿಗೆ ಹೆಂಗಿತ್ತು? ಎರಡು ಮುಂದೆ ಒಂದು ಹಿಂದೆ ಇತ್ತಾ?”

“ಕೊಳ್ತ ನೂಲಿನ ಚೆಂದ ಯಾರು ನೋಡ್ತಾರೆ?” ಎಂದು ಅತ್ತೆ ಒಳಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಅವರು ಅದರ ಎದುರು ಕುಳಿತು ಬಹಳ ಹೊತ್ತು ಊದುಕೊಳವೆಯಿಂದ ಊದುತ್ತಿದ್ದರು.

ತೂತು ನೋಡಿ ಹೇಳಲಾಗದೇ ಎಂದು ನಾನು ಇವರನ್ನು ಕೇಳಿದೆ. “ಇಲ್ವೇ,” ಎಂದರು. “ಸೂಜಿ ಹೋಗಿದೆ ಅಂತ ತೂತು ಹೇಳ್ತದೆ. ಹಿಂದೆ ಬಂತೋ ಮುಂದೆ ಹೋಯ್ತೋ ಹೇಳುದು ನೂಲು.”

ಆ ವರ್ಷ ಮಾವನಿಗೆ ಎಲೆ ಇಡಲಿಲ್ಲ. ಮುಂದಿನ ವರ್ಷವೂ ಇಲ್ಲ. ಇವರು ಆ ಮಾತನ್ನು ಮತ್ತೆ ಎತ್ತಲಿಲ್ಲ, ಅತ್ತೆ ಟೊಪ್ಪಿಯನ್ನು ಮತ್ತೆ ಕೋಳಿಗೆ ಕೊಡಲಿಲ್ಲ. ಅಸ್ತರನ್ನು ಇವರು ಪೆಟ್ಟಿಗೆಯಲ್ಲಿಟ್ಟರು, ಕಬ್ಬಿಣ ಜಗಲಿಯ ಗೂಟದಲ್ಲಿ ತೂಗಾಡುತ್ತಿತ್ತು. ಸಾಹೇಬರ ಮಾತು ಹೇಳಿದಾಗ ಮಾತ್ರ ಅತ್ತೆ ನಕ್ಕರು. “ಮೂರು ಟೊಪ್ಪಿಯಾ? ಹಂಗಾರೆ ಮೂರು ಜನ ಬಂದು ಕೇಳ್ತಾರೆ. ಅಕ್ಕಿ ಜಾಸ್ತಿ ಹಾಕು ತಂಗೀ.”

ಅರವತ್ತರ ದಶಕದ ನಡುವೆ ಅತ್ತೆ ತೀರಿಕೊಂಡರು. ಹಣೆಯಲ್ಲಿ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಹಾಗೇ ಕಳಿಸಬೇಕು ಎಂದು ನನ್ನಿಂದ ಮೊದಲೇ ಮಾತು ತೆಗೆದುಕೊಂಡಿದ್ದರು. ಊರಿನ ಒಬ್ಬಿಬ್ಬರು ಏನೋ ಅಂದರು. ಇವರು ಬಾಗಿಲಲ್ಲಿ ನಿಂತು, “ನನ್ನಪ್ಪ ಸತ್ತದ್ದನ್ನು ಕಂಡವ್ರು ಇದ್ರೆ ಮುಂದೆ ಬನ್ನಿ” ಎಂದರು. ಯಾರೂ ಬರಲಿಲ್ಲ.

ಆ ವರ್ಷದ ಮಹಾಲಯಕ್ಕೆ ಅತ್ತೆಯ ಎಲೆ ಹಾಸಿ ಬಡಿಸಿದ ಮೇಲೆ ಇವರು ಪಕ್ಕದಲ್ಲಿ ಇನ್ನೂ ಮೂರು ಎಲೆ ಹಾಸಿದರು. ನಾನು ಬಡಿಸುವ ಕೈ ಹಾಗೇ ಹಿಡಿದು ನಿಂತೆ.

“ಇದೆಂತಾ? ಮೂರು ಯಾರಿಗೆ?”

“ಒಂದು ಕಬ್ಬಿಣದವನಿಗೆ, ಒಂದು ಕೊಂಡಿಯವನಿಗೆ, ಒಂದು ಪಟ್ಟಿಯವನಿಗೆ. ಮೂರು ತಲೆ ಅಂತ ಸಾಹೇಬ್ರು ಹೇಳಿದ್ರಲ್ಲ. ಅಪ್ಪ ಇದ್ರೆ ಅದರಲ್ಲಿ ಒಬ್ಬ. ಇಲ್ದಿದ್ರೆ ಇನ್ಯಾರದೋ ಅಪ್ಪ, ಉಣ್ಲಿ.”

“ಮೂರು ಜನಕ್ಕೆ ಬಂಗಡೆ ಸಾಲ್ತಿಲ್ಲ.”

“ನನ್ನ ಪಾಲಿಂದು ಹಾಕು.”

ಇವರು ತಮ್ಮ ಪಾಲಿನ ಮೀನು ಬಿಟ್ಟುಕೊಟ್ಟದ್ದು ಅದೇ ಮೊದಲು. ಮುಂದೆ ಪ್ರತಿವರ್ಷವೂ ಬಿಟ್ಟುಕೊಟ್ಟರು. ಕಾಗೆ ಮೊದಲು ಯಾವ ಎಲೆಗೆ ಬಂತು ಎಂದು ನೀವು ಕೇಳಬೇಡಿ. ದೊಡ್ಡ ತುಂಡು ಎಲ್ಲಿತ್ತೋ ಅಲ್ಲಿಗೆ ಬಂತು. ಕಾಗೆಗೆ ಟೊಪ್ಪಿಯ ಪರೀಕ್ಷೆ ಗೊತ್ತಿಲ್ಲ.

ಮೂರು ಎಲೆ ಹಾಸಿದ ಮೇಲೆ ಇವರ ಮುಖದಲ್ಲಿ ಒಂದು ಸಮಾಧಾನ ಬಂದಿತ್ತು. ನನಗೆ ಮಾತ್ರ ಪೂರ್ತಿ ಬರಲಿಲ್ಲ. ನಾನು ಹೇಳಲಾಗದೆ ಇಟ್ಟುಕೊಂಡ ಒಂದು ಸಂಶಯವಿತ್ತು. ಆ ಹೊಲಿಗೆಯನ್ನು ಅತ್ತೆ ಕಿಟಕಿಯ ಬಳಿ ಕುಳಿತು ಗಂಡನ ಬೆರಳಿನಿಂದ ಕಲಿತವರು. ಹರಿದ ಅಸ್ತರು ಕೈಗೆ ಬಂದಾಗ, ಕೊಳೆತದ್ದೇ ಆಗಿರಲಿ, ಆ ನೂಲನ್ನು ಒಂದೊಂದಾಗಿ ಕೀಳುವಾಗ ಅದರ ನಡೆ ಅವರ ಕಣ್ಣಿಗೆ ಬೀಳಲೇಬೇಕು. ಅದು ಬೇರೆ ಯಾರದೋ ಕೈ ಎಂದು ಕಂಡಿದ್ದರೆ ಅವರು ಕುಂಕುಮದ ಮಾತು ಬಂದಾಗಲೆಲ್ಲ ಅದನ್ನೇ ಎತ್ತಿ, ಟೊಪ್ಪಿ ಅವರದ್ದಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಗಂಡನ ಕೈ ಕಂಡೇ ಒಲೆಗೆ ಹಾಕಿರಬೇಕು. ಇಷ್ಟನ್ನು ಇವರಿಗೆ ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಮೂರು ಎಲೆಯ ಮುಂದೆ ಕೈಮುಗಿದು ಕುಳಿತ ಇವರನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದೇನೆ. ಇವರಿಗೂ ಹೊಳೆದಿರಬಹುದು. ದರ್ಜಿಗೆ ಹೊಳೆಯದೆ ಇರುತ್ತದೆಯೇ? ಇಬ್ಬರೂ ಒಬ್ಬರಿಂದೊಬ್ಬರು ಅಡಗಿಸಿಟ್ಟುಕೊಂಡೇ ಸಂಸಾರ ಮಾಡಿದೆವೋ ಏನೋ. ಕೇಳೋಣವೆಂದರೆ ಈಗ ಯಾರೂ ಇಲ್ಲ.

ಬರುವ ಅಮಾವಾಸ್ಯೆಗೆ ಇವರಿಗೂ ಒಂದು ಎಲೆ. ಅದರ ಬಗ್ಗೆ ಯಾವ ಸಂಶಯವೂ ಇಲ್ಲ, ನಾನೇ ಪಕ್ಕದಲ್ಲಿದ್ದೆ. ಬಂಗಡೆಯ ನಡುತುಂಡು ಹಾಕುತ್ತೇನೆ, ಇಷ್ಟು ವರ್ಷ ಬಿಟ್ಟುಕೊಟ್ಟದ್ದಕ್ಕೆ. ಆ ಮೂರು ಎಲೆಗಳನ್ನೂ ಹಾಸುತ್ತೇನೆ. ಇವತ್ತು ಮಧ್ಯಾಹ್ನ ಇವರ ಕನ್ನಡಕ ಹಾಕಿಕೊಂಡು ಅಸ್ತರನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಅತ್ತೆಯ ಹೊಲಿಗೆ ಗಟ್ಟಿಯಾಗಿದೆ, ಒಂದೂ ಬಿಟ್ಟಿಲ್ಲ. ಅದರ ಪಕ್ಕದಲ್ಲಿ ಹಳೆಯ ತೂತುಗಳೂ ಇವೆ. ಅವುಗಳಲ್ಲಿದ್ದ ನೂಲು ಇಲ್ಲ.